ಎಡಗೈ ಪಿಸ್ತೂಲು

ಬನಹಟ್ಟಿಯಂಥ ಊರಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಪಿಸ್ತೂಲು ಕೊಳ್ಳುತ್ತಾಳೆ ಎಂಬ ಸುದ್ದಿ ಹಬ್ಬಿದರೆ ಜನರಿಗೆ ಎರಡೇ ಕಾರಣ ಹೊಳೆಯುತ್ತವೆ. ಒಂದೋ ಅವಳಿಗೆ ಯಾರ ಮೇಲೋ ಸೇಡಿದೆ, ಇಲ್ಲವೇ ಅವಳ ತಲೆ ಕೆಟ್ಟಿದೆ. ನನ್ನ ವಿಷಯದಲ್ಲಿ ಊರು ಎರಡನ್ನೂ ಒಟ್ಟಿಗೇ ನಂಬಿತು. ನನ್ನ ಗಂಡನನ್ನು ಕಂಡವರು ದನಿ ತಗ್ಗಿಸಿ, "ಮನ್ಯಾಗ ಎಲ್ಲಾ ಆರಾಮ ಐತಿಲ್ರಿ?" ಎಂದು ಕೇಳತೊಡಗಿದರು. ಹಾಲು ಹಾಕುವವನು ಹೊಸ್ತಿಲಿನಿಂದ ಎರಡು ಮೊಳ ದೂರ ನಿಂತು ಕೈ ಚಾಚುತ್ತಿದ್ದ. ಎದುರು ಮನೆಯ ಹೆಂಗಸಂತೂ ನೇರವಾಗಿಯೇ ಕೇಳಿದಳು: "ಅತ್ತಿ ಸಲುವಾಗಿ ಏನ್ರಿ?" ಅತ್ತೆಗಾಗಿ ಪರದೇಶದ ಪಿಸ್ತೂಲು ತರಿಸುವಷ್ಟು ದುಂದುಗಾತಿ ನಾನಲ್ಲ.

ಇದು ಗುರಿ ಹೊಡೆಯುವ ಪಿಸ್ತೂಲು, ಗಾಳಿಯ ಒತ್ತಡದಿಂದ ಕಾಳಿನಷ್ಟು ಸಣ್ಣ ಸೀಸದ ಗುಂಡನ್ನು ಹಾರಿಸುತ್ತದೆ, ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡುತ್ತದೆ, ಅಷ್ಟೇ, ಲೈಸೆನ್ಸು ಕೂಡ ಬೇಡ ಎಂದು ಮೊದಮೊದಲು ಎಲ್ಲರಿಗೂ ವಿವರಿಸುತ್ತಿದ್ದೆ. ಕೇಳಿದವರ ಮುಖ ಬಾಡುತ್ತಿತ್ತು. "ಮತ್ತ ಅದರಿಂದ ಏನ್ ಸಾಯ್ತೈತಿ?" ಎನ್ನುವರು. ಏನೂ ಸಾಯುವುದಿಲ್ಲ ಎಂದರೆ, "ಮತ್ಯಾಕ ಅದು?" ಬೀಳಗಿಯಿಂದ ಬಂದಿದ್ದ ಬೀಗರೊಬ್ಬರು ಅರ್ಧ ಗಂಟೆ ಗಂಭೀರವಾಗಿ ಕೇಳಿಸಿಕೊಂಡು, ಕಾಗದಕ್ಕೆ ತೂತು ಮಾಡಲು ದಬ್ಬಣವೇ ಸಾಕಲ್ಲ ಎಂದರು. ಆವತ್ತಿನಿಂದ ವಿವರಿಸುವುದನ್ನು ಬಿಟ್ಟೆ. ಸೇಡಿದೆ ಎಂದೇ ಇರಲಿ, ಹಾಲಾದರೂ ಸರಿಯಾದ ಅಳತೆಗೆ ಬರುತ್ತದೆ.

ಕಾಗದಕ್ಕೆ ತೂತು ಮಾಡುವುದು ನನ್ನ ಹೊಟ್ಟೆಪಾಡೂ ಹೌದು. ಸೀರೆಯ ಸೆರಗಿನ ನಕ್ಷೆಯನ್ನು ಚೌಕಳಿ ಕಾಗದದ ಮೇಲೆ ಬಿಡಿಸಿ, ಅದರ ಪ್ರಕಾರ ಮಗ್ಗದ ಮೇಲೆ ಕೂರಿಸುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದುಕೊಡುತ್ತೇನೆ. ಒಂದು ತೂತು ಒಂದು ಮನೆ ಆಚೀಚೆಯಾದರೆ ನವಿಲಿನ ಕೊಕ್ಕು ನವಿಲಿನ ಬೆನ್ನ ಮೇಲೆ ಬರುತ್ತದೆ. ಇಪ್ಪತ್ತು ವರ್ಷದಿಂದ ರಬಕವಿ-ಬನಹಟ್ಟಿಯ ಮಗ್ಗದವರು ನನ್ನ ಕಾರ್ಡು ಹಾಕಿ ನೇಯುತ್ತಿದ್ದಾರೆ, ಇದುವರೆಗೆ ಯಾವ ನವಿಲಿಗೂ ಹಾಗಾಗಿಲ್ಲ. ಒಂದು ದಿನ ಜಮಖಂಡಿಯ ವ್ಯಾಪಾರಿಯೊಬ್ಬರಿಗೆ ಕಾರ್ಡು ಕೊಟ್ಟು ಬಸ್ಸಿಗಾಗಿ ಕಾಯುತ್ತಿದ್ದಾಗ, ಹತ್ತಿರದ ತಗಡಿನ ಗೋದಾಮಿನೊಳಗಿಂದ ಟಪ್ ಟಪ್ ಎಂಬ ಸದ್ದು ಕೇಳಿಸಿತು. ಇಣುಕಿದೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ತುಬಚಿಯ ಕಡೆಯವರೊಬ್ಬರು ಅಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರರು ಎನ್ನುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಡೀತೀರೇನ್ರಿ?" ಎಂದರು. ನನ್ನ ವಯಸ್ಸು ಕೇಳಲಿಲ್ಲ, ಗಂಡನ ಒಪ್ಪಿಗೆ ಇದೆಯೇ ಎಂದು ಕೇಳಲಿಲ್ಲ. ನಮ್ಮ ಕಡೆ ಅಂಥ ಗಂಡಸನ್ನು ನಾನು ಅದೇ ಮೊದಲು ಕಂಡದ್ದು. ಆ ಬಸ್ಸು ತಪ್ಪಿತು, ಅದರ ಮುಂದಿನದೂ ತಪ್ಪಿತು.

ವಾರಕ್ಕೆ ಮೂರು ದಿನದಂತೆ ಒಂದು ವರ್ಷ ಹೊಡೆದೆ. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ ಬೀಳುತ್ತಿದ್ದವು. ಕಾರಣ ನನಗೆ ಗೊತ್ತಿತ್ತು, ಆದರೆ ಹೇಳಿರಲಿಲ್ಲ. ನಾನು ಎಡಚಿ. ಗೋದಾಮಿನಲ್ಲಿ ದೊಡ್ಡವರಿಗೆ ಕೊಡುತ್ತಿದ್ದ ಪಿಸ್ತೂಲುಗಳೆಲ್ಲ ಬಲಗೈಯವು, ನಾನೂ ಬಲಗೈಯಲ್ಲೇ ಹಿಡಿದು ಹೊಡೆಯುತ್ತಿದ್ದೆ.

ಎಡಗೈಯ ಬಗ್ಗೆ ನಮ್ಮವರಿಗಿರುವ ಅಸಹ್ಯವನ್ನು ಏನೆಂದು ಹೇಳಲಿ. ಸಾಲೆಯಲ್ಲಿ ಪಾಟಿಯ ಮೇಲೆ ಎಡಗೈಯಿಂದ ಅಕ್ಷರ ತೀಡಿದ್ದಕ್ಕೆ ಗೆಣ್ಣಿನ ಮೇಲೆ ರೂಲುಕಟ್ಟಿಗೆ ಬೀಳುತ್ತಿತ್ತು. ಲಗ್ನವಾಗಿ ಈ ಮನೆಗೆ ಬಂದ ಮೊದಲ ವಾರವೇ ನಮ್ಮ ಅತ್ತೆ, "ಎಡಗೈಲೆ ನೀಡಬ್ಯಾಡವಾ, ಉಣ್ಣಾವ್ರು ಎದ್ದ ಹೋಗ್ತಾರ" ಎಂದು ಸೌಟನ್ನು ಕಸಿದು ಬಲಗೈಗೆ ಕೊಟ್ಟರು. ಅಂಗಡಿಯಲ್ಲಿ ಎಡಗೈಯಿಂದ ನೋಟು ಚಾಚಿದರೆ ಅಂಗಡಿಯವನು ಅದು ಬಲಗೈಗೆ ಬದಲಾಗುವವರೆಗೆ ಆಕಾಶ ನೋಡುತ್ತಾನೆ. ಆದರೆ ಅದೇ ಎಡಗೈ ಕಾರ್ಡಿಗೆ ತೂತು ಹೊಡೆದು ಮನೆ ನಡೆಸುವಾಗ ಯಾರಿಗೂ ಅಸಹ್ಯವಿಲ್ಲ. ಆ ತೂತಿನಿಂದ ನೇಯ್ದ ಸೀರೆಯನ್ನು ದೇವಿಗೂ ಉಡಿಸುತ್ತಾರೆ. ಈ ಮಡಿವಂತಿಕೆಯ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅರ್ಥ ಮಾಡಿಕೊಳ್ಳುವ ಆಸೆಯೂ ಇಲ್ಲ.

ಮಾಸ್ತರರ ಕಣ್ಣಿಗೆ ಒಂದು ದಿನ ಅದು ಬಿತ್ತು. ನಾನು ಡಬ್ಬಿಯಿಂದ ಗುಂಡುಗಳನ್ನು ಎಡಗೈಯಿಂದ ಒಂದೊಂದೇ ಆರಿಸಿ ಸಾಲಾಗಿ ಇಡುತ್ತಿದ್ದೆ.

"ಅಕ್ಕಾರ, ನಿಮ್ಮ ಕೈ ಯಾವುದ್ರಿ?"

"ಎರಡೂ ನನ್ನವರೀ," ಎಂದೆ.

ಅವರು ನಗಲಿಲ್ಲ. ಸಣ್ಣವರು ಕಲಿಯಲು ಇಟ್ಟಿದ್ದ, ಎರಡೂ ಕೈಗೆ ಹೇಗೋ ಒಗ್ಗುವ ಸಾದಾ ಹಿಡಿಯ ಹಳೇ ಪಿಸ್ತೂಲನ್ನು ತಂದು ನನ್ನ ಎಡಗೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಹತ್ತು ಗುಂಡು ಹೊಡೆದೆ. ಕಾಗದ ಹತ್ತಿರ ತರಿಸಿ ನೋಡಿದರೆ ಹತ್ತರಲ್ಲಿ ಎಂಟನ್ನು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಒಂದು ವರ್ಷ ಬಲಗೈಯಲ್ಲಿ ಸುಮ್ಮನೆ ಮಣ್ಣು ಹೊತ್ತಂತೆ ಆಯಿತಲ್ಲ ಎಂದು ಸಿಟ್ಟು ಬಂತು. ಮಾಸ್ತರರು ಎರಡೇ ಮಾತು ಹೇಳಿದರು. "ಸ್ವಂತದ್ದು ತಗೋರಿ. ಎಡಗೈ ಹಿಡೀದು. ಚಳಿಗಾಲದಾಗ ರಾಜ್ಯದ ಪಂದ್ಯ ಐತಿ, ಈ ಆಟಿಗೀ ಸಾಮಾನ ಅಲ್ಲಿ ನಡ್ಯಾಂಗಿಲ್ಲ."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪಂದ್ಯದ ಪಿಸ್ತೂಲಿನ ಹಿಡಿ ಮರದ್ದು. ಅಂಗೈಯ ಉಬ್ಬು ತಗ್ಗು, ಹೆಬ್ಬೆರಳಿನ ಜಾಗ, ಕೆಳಗೆ ಕೈ ಊರಲು ಒಂದು ಅಂಚು, ಎಲ್ಲವನ್ನೂ ಕೆತ್ತಿ ಮಾಡಿರುತ್ತಾರೆ. ಎಡಗಾಲಿನ ಚಪ್ಪಲಿ ಹೇಗೆ ಬಲಗಾಲಿಗೆ ಬರುವುದಿಲ್ಲವೋ ಹಾಗೆ ಬಲಗೈಯ ಹಿಡಿ ಎಡಗೈಗೆ ಬರುವುದೇ ಇಲ್ಲ. ಹಾಗಾಗಿ ನನಗೆ ಬೇಕಾದದ್ದು ಇಷ್ಟೇ: ಪಂದ್ಯಕ್ಕೆ ಮೊದಲು, ನನ್ನ ಎಡಗೈಗೆ ಕೂರುವ ಒಂದು ಒಳ್ಳೆಯ ಪಿಸ್ತೂಲು. ಹುಟ್ಟಿದಾಗಿನಿಂದ ಬಚ್ಚಿಟ್ಟುಕೊಂಡು ಬಂದ ಕೈಯಿಂದ ನಾಲ್ಕು ಜನರೆದುರು ಒಮ್ಮೆ ಏನಾದರೂ ಮಾಡಬೇಕು ಎಂಬ ಹಟ ನನಗೆ ಹಿಡಿದಿತ್ತು.

ಯಾವುದು ಒಳ್ಳೆಯದು ಎಂದು ಕೇಳಿದರೆ ಮಾಸ್ತರರು ಹೆಸರು ಹೇಳುತ್ತಿರಲಿಲ್ಲ. ಆದರೆ ಗೋದಾಮಿಗೆ ಬರುವ ಗಂಡಸರೆಲ್ಲ ಹೇಳುತ್ತಿದ್ದರು. ಒಬ್ಬ ಜರ್ಮನಿಯದು ಎಂದರೆ ಇನ್ನೊಬ್ಬ ಇಟಲಿಯದು ಎನ್ನುತ್ತಿದ್ದ. ಇಬ್ಬರೂ ಎರಡನ್ನೂ ಮುಟ್ಟಿದವರಲ್ಲ, ಮೊಬೈಲಿನಲ್ಲಿ ನೋಡಿ ಪಂಡಿತರಾದವರು. ಕೆಂಪು ಬಣ್ಣದ್ದು ತಗೊಳ್ಳಿ, ಹೆಣ್ಮಕ್ಕಳಿಗೆ ಛಲೋ ಕಾಣುತ್ತದೆ ಎಂದವನೊಬ್ಬ. ತೂಕ ಕಡಿಮೆ ಇದ್ದರೆ ಹೆಣ್ಣಿನ ಕೈಗೆ ಹಗುರ ಎಂದವನೊಬ್ಬ. ಎರಡು ಕೊಡ ನೀರು ಎತ್ತಿ ಮೆಟ್ಟಿಲು ಹತ್ತುವ ಕೈಗೆ ಒಂದು ಕಿಲೋ ಪಿಸ್ತೂಲು ಭಾರವಾಗುತ್ತದಂತೆ!

ಕೊನೆಗೆ ಮಾಸ್ತರರೇ ಒಂದು ಭಾನುವಾರ ನನ್ನನ್ನೂ ನನ್ನ ಗಂಡನನ್ನೂ ಬೆಳಗಾವಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಪರಿಚಯದ ಮಂದಿ ಗುರಿ ಹೊಡೆಯುತ್ತಿದ್ದರು. ಆರಿಸುವ ರೀತಿಯನ್ನು ಆವತ್ತು ತೋರಿಸಿಕೊಟ್ಟರು. ಪಿಸ್ತೂಲು ಹಿಡಿದು ಕಣ್ಣು ಮುಚ್ಚಬೇಕು. ಕೈ ಎತ್ತಿ ಗುರಿಯ ಕಡೆ ಚಾಚಬೇಕು. ಆಮೇಲೆ ಕಣ್ಣು ತೆರೆಯಬೇಕು. ಆಗ ಪಿಸ್ತೂಲಿನ ತುದಿಯ ಕಡ್ಡಿ ಹಿಂದಿನ ಕಚ್ಚಿನ ನಟ್ಟನಡುವೆ ತಾನಾಗಿ ಬಂದು ನಿಂತಿರಬೇಕು. ಮಣಿಕಟ್ಟು ತಿರುವಿ ಸರಿ ಮಾಡಿಕೊಳ್ಳಬೇಕಾದರೆ ಅದು ನಿಮ್ಮದಲ್ಲ, ಎಷ್ಟೇ ದೊಡ್ಡ ಹೆಸರಿದ್ದರೂ ಕೆಳಗಿಡಿ. ಟ್ರಿಗರ್ ಅರ್ಧ ಕಿಲೋ ಭಾರಕ್ಕಿಂತ ಹಗುರ ಇರಬಾರದು, ಅದು ಪಂದ್ಯದ ನಿಯಮ. ಆದರೆ ಆ ಅರ್ಧ ಕಿಲೋ ಎಳೆದಾಗ ಎಲ್ಲಿ ತಡೆಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಪ್ರತಿ ಸಲವೂ ಒಂದೇ ಆಗಿರಬೇಕು. ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಮಾಡುವವರು ಇರಬೇಕು. ಬಣ್ಣದ ವಿಷಯ ಅವರು ಎತ್ತಲೇ ಇಲ್ಲ.

ಮೊದಲನೆಯ ಪಿಸ್ತೂಲು ನೋಡಲು ಚೆಂದ, ಮೂತಿ ಮಾತ್ರ ಕೆಳಗೆ ಜೋಲುತ್ತಿತ್ತು. ಎರಡನೆಯದರ ಟ್ರಿಗರ್ ಒಮ್ಮೆ ಬೇಗ ಬಿಟ್ಟರೆ ಒಮ್ಮೆ ತಡವಾಗಿ ಬಿಡುತ್ತಿತ್ತು. ಮೂರನೆಯದು ಬೂದು ಬಣ್ಣದ, ಯಾವ ಥಳಕೂ ಇಲ್ಲದ ಸಾಮಾನು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳದು. ಅವಳೂ ಎಡಚಿ. ಹಿಡಿಯೊಳಗೆ ಎಡಗೈ ಇಟ್ಟೆ, ಕಣ್ಣು ಮುಚ್ಚಿದೆ, ಎತ್ತಿದೆ, ತೆರೆದೆ. ಕಡ್ಡಿ ಕಚ್ಚಿನ ನಡುವೆ ನಿಂತಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅಲ್ಲೇ. ನನ್ನ ಎಡಗೈಯನ್ನು ಲೆಕ್ಕಕ್ಕೆ ಹಿಡಿದು ಯಾರೋ ಒಂದು ವಸ್ತು ಮಾಡಿದ್ದಾರೆ ಎಂಬುದೇ ನನಗೆ ನಂಬಲಾಗಲಿಲ್ಲ. ಅಲ್ಲೇ ನಿಂತು ಅತ್ತುಬಿಡುವವಳಿದ್ದೆ. ನನ್ನ ಗಂಡ, "ಇನ್ನೊಂದೆರಡ ನೋಡೂಣಲ್ಲ, ಸೀರಿ ಆದ್ರ ಇಪ್ಪತ್ತ ನೋಡ್ತಿ," ಎಂದು ಅಳುವುದನ್ನು ತಪ್ಪಿಸಿದ.

ಆರಿಸುವುದು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಮನೆತನದಲ್ಲಿ ಬಂದೂಕಿನ ಸಂಗತಿ ಎಂದ ಮೇಲೆ ಭಾವನವರನ್ನು ಕೇಳದೆ ಇರುವಂತಿಲ್ಲ ಎಂದು ಗಂಡ ತಗಾದೆ ತೆಗೆದ.

ಭಾವ ಎಂದರೆ ನನ್ನ ಗಂಡನ ಅಣ್ಣ. ಹೆಂಡತಿಯ ಕಡೆಯ ಹೊಲ ನೋಡಿಕೊಂಡು ಮುಧೋಳದ ಹತ್ತಿರ ನೆಲೆಸಿದವರು. ಕಬ್ಬಿಗೆ ಹಂದಿ ಬೀಳುತ್ತವೆ ಎಂದು ಅವರ ಬಳಿ ಲೈಸೆನ್ಸಿನ ಒಂಟಿನಳಿಗೆ ಬಂದೂಕು ಇದೆ. ಅಷ್ಟರಿಂದಲೇ ಅವರು ನೆಂಟರಿಷ್ಟರಿಗೆಲ್ಲ ಬಂದೂಕಿನ ದೊಡ್ಡ ತಜ್ಞರು. ಆ ಬಂದೂಕು ಭಾವನ ಮನೆಯಲ್ಲಿ ಇದ್ದದ್ದಕ್ಕಿಂತ ಪೊಲೀಸ್ ಠಾಣೆಯಲ್ಲಿ ಇದ್ದದ್ದೇ ಹೆಚ್ಚು. ಪ್ರತಿ ಚುನಾವಣೆಗೆ ಅದನ್ನು ಒಪ್ಪಿಸಿ ಬರಬೇಕು, ನಮ್ಮಲ್ಲಿ ಗ್ರಾಮ ಪಂಚಾಯ್ತಿಯಿಂದ ಹಿಡಿದು ದಿಲ್ಲಿಯವರೆಗೆ ಒಂದಲ್ಲ ಒಂದು ಚುನಾವಣೆ ಇದ್ದೇ ಇರುತ್ತದೆ. ಉಳಿದ ದಿನಗಳಲ್ಲಿ ಭಾವ ಅದರಿಂದ ಹೊಡೆದ ಹಂದಿಗಳ ಸಂಖ್ಯೆ ಸೊನ್ನೆ. ಒಮ್ಮೆ ಕತ್ತಲಲ್ಲಿ ಹಂದಿ ಎಂದು ಹೊಡೆದದ್ದು ತಮ್ಮದೇ ನೀರಾವರಿಯ ಪೈಪಿಗೆ ತಗುಲಿ, ಬೆಳಗಾಗುವಷ್ಟರಲ್ಲಿ ಪಕ್ಕದವರ ಹೊಲಕ್ಕೆ ಪುಕ್ಕಟೆ ನೀರು ಹಾಯಿಸಿದ್ದರು. ಈ ಕತೆಯನ್ನು ನಮ್ಮ ನೆಂಟರ ಪೈಕಿ ನನಗಿಂತ ಚೆನ್ನಾಗಿ ಯಾರೂ ಹೇಳುವುದಿಲ್ಲ. ಭಾವನ ದನಿಯನ್ನೂ, ಪೈಪು ಒಡೆದ ಸದ್ದನ್ನೂ ಮಾಡಿ ತೋರಿಸುತ್ತೇನೆ. ಭಾವ ಎದುರಿಗಿದ್ದಾಗಲೂ ತೋರಿಸಿದ್ದೇನೆ.

ಅವರು ಬಂದು, ಚಹಾ ಕುಡಿದು, ವಿಚಾರಣೆ ಶುರು ಮಾಡಿದರು.

"ಸಪ್ಪಳ ಎಷ್ಟ ಬರ್ತೈತಿ ತಂಗಿ?"

"ಸಪ್ಪಳ ಬರೂದಿಲ್ರಿ. ಟಪ್ ಅಂತೈತಿ."

"ಸಪ್ಪಳ ಇಲ್ಲದ್ದು ಅದೆಂಥಾ ಪಿಸ್ತೂಲು? ಹಂದಿ ಹೆಂಗ ಓಡಬೇಕು?"

"ಗೋದಾಮಿನ್ಯಾಗ ಹಂದಿ ಇಲ್ರಿ ಭಾವಾರ."

"ಇವತ್ತಿಲ್ಲ," ಎಂದರು ಭಾವ ಬಹಳ ದೂರದೃಷ್ಟಿಯಿಂದ.

ಅಷ್ಟಾದರೂ ಕೆಲಸ ಅವರಿಗೇ ಹೋಯಿತು. ಕೊಲ್ಹಾಪುರದಲ್ಲಿ ಇಂಥ ಪಿಸ್ತೂಲು ತರಿಸಿಕೊಡುವ ಅಂಗಡಿಯವರೊಬ್ಬರಿದ್ದರು, ಭಾವ ಟ್ರ್ಯಾಕ್ಟರಿನ ಬಿಡಿಭಾಗಕ್ಕೆಂದು ತಿಂಗಳಿಗೊಮ್ಮೆ ಆ ಊರಿಗೆ ಹೋಗುತ್ತಿದ್ದರು, ಮರಾಠಿಯಲ್ಲಿ ಚೌಕಾಸಿ ಮಾಡುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಅವರೇ ಹೇಳುತ್ತಿದ್ದರು. ನಾನು ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆದುಕೊಟ್ಟೆ. ಯಾವುದು, ಹಿಡಿಯ ಅಳತೆ ಎಷ್ಟು, ಜೊತೆಗೆ ಏನೇನು ಬರಬೇಕು, ನನ್ನ ಫೋನ್ ನಂಬರು. ಎಡಗೈ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಭಾವ ಆ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟಿನ ಜೊತೆ ಇಟ್ಟುಕೊಂಡರು. ಅದನ್ನು ನೋಡಿದಾಗಲೇ ಕೆಲಸ ಕೆಟ್ಟಿತು ಎಂದುಕೊಂಡೆ.

ದಸರೆ ಕಳೆದು ಎರಡು ವಾರಕ್ಕೆ ಪೆಟ್ಟಿಗೆ ಬಂತು. ಪಂದ್ಯಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಗಂಡ, ಅತ್ತೆ, ಕಾರ್ಡು ಒಯ್ಯಲು ಬಂದಿದ್ದ ಇಬ್ಬರು ಮಗ್ಗದವರು, ಎಲ್ಲರೂ ಸುತ್ತ ನಿಂತರು. ಮುಚ್ಚಳ ತೆಗೆದೆ. ಬೂದು ಬಣ್ಣದ ಅದೇ ಪಿಸ್ತೂಲು, ಕಪ್ಪು ಸ್ಪಂಜಿನಲ್ಲಿ ಮಲಗಿತ್ತು. ಎಡಗೈ ಚಾಚಿದೆ. ಹೆಬ್ಬೆರಳು ಇಡುವ ಜಾಗದಲ್ಲಿ ಮರದ ಉಬ್ಬು ಬಂದು ಬಡಿಯಿತು. ಹಿಡಿಯೊಳಗೆ ಕೈ ಹೋಗಲೇ ಇಲ್ಲ. ಬಲಗೈಗೆ ದಾಟಿಸಿದೆ, ಚಕ್ಕನೆ ಕೂತಿತು.

ನಮ್ಮ ಅತ್ತೆ, "ಛಲೋ ಆತಲ್ಲ, ಬಲಗೈದ ಬಂದೈತಿ," ಎಂದರು. ಅವರನ್ನು ದುರುಗುಟ್ಟಿ ನೋಡಿ ಮೊಬೈಲು ಎತ್ತಿಕೊಂಡೆ. ಅಷ್ಟೂ ಮಂದಿಯ ಎದುರಿಗೆ ಭಾವನಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದಲು ಬರದಿದ್ದರೆ ಯಾರ ಕೈಯಿಂದಲಾದರೂ ಓದಿಸಬೇಕಿತ್ತು ಎಂದೆ. ಹಂದಿ ಯಾವುದು ಪೈಪು ಯಾವುದು ಎಂದು ಗೊತ್ತಾಗದವರಿಗೆ ಎಡ ಯಾವುದು ಬಲ ಯಾವುದು ಎಂದು ಎಲ್ಲಿಂದ ಗೊತ್ತಾಗಬೇಕು ಎಂದೆ. ಮಗ್ಗದವರಿಬ್ಬರೂ ಕಿಸಕ್ಕನೆ ನಕ್ಕರು. ಅವರು ನಕ್ಕದ್ದರಿಂದ ನನಗೆ ಇನ್ನಷ್ಟು ಹುರುಪು ಬಂತು.

ಆಮೇಲೆ ಭಾವ, "ಹಂಗಾತೇನ ತಂಗಿ? ಮತ್ತ ನಾನ ತಪ್ಪ ಹೇಳಿರಬೇಕು," ಎಂದು ಫೋನು ಇಟ್ಟರು. ನೋಡಿದಿರಾ, ತಾನೇ ಒಪ್ಪಿಕೊಂಡ ಎಂದು ಸುತ್ತ ನಿಂತವರಿಗೆ ಹೇಳಿದೆ.

ಮರುದಿನ ಕೊಲ್ಹಾಪುರದ ಅಂಗಡಿಯವರಿಗೆ ಫೋನು ಮಾಡಿದೆ. ಭಾವನ ಬಗ್ಗೆ ಒಂದಿಷ್ಟು ಹಾಸ್ಯ ಮಾಡಿಯೇ ಮಾತು ಶುರು ಮಾಡಿದೆ. ಅವರು ಕನ್ನಡ-ಮರಾಠಿ ಬೆರೆಸಿ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು.

"ತಾಯಿ, ನಿಮ್ಮ ಭಾವನೋರು ಎಡಗೈ ಅಂತನ ಬರಸಿದ್ರು. ಎರಡ ಸಲ ಹೇಳಿದ್ರು. ಎಡಗೈದು ಕೇಳಾವ್ರು ಕಡಿಮಿ, ಅದಕ್ಕ ಖಾತ್ರಿ ಮಾಡ್ಕೋಬೇಕು ಅಂತ ನಿಮಗ ಫೋನ್ ಹಚ್ಚಿದ್ನಿ. ಖಂಡೇ ಪೂಜಿ ದಿನಾ. ನೀವು ಬಲಗೈ ಅಂದ್ರಿ. ಮತ್ತೊಮ್ಮಿ ಕೇಳಿದ್ನಿ, ಆವಾಗೂ ಬಲಗೈ ಅಂದ್ರಿ."

ಅವರು ಹೇಳಿದ್ದು ಸರಿ. ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಒಳಗೆ ಒತ್ತಿಟ್ಟಿದ್ದೆ.

ಖಂಡೇ ಪೂಜೆಯ ದಿನ, ಅಂದರೆ ದಸರೆಯ ಆಯುಧ ಪೂಜೆಯಂದು, ನಮ್ಮಲ್ಲಿ ಮಗ್ಗಗಳೆಲ್ಲ ನಿಂತಿರುತ್ತವೆ. ತೊಳೆದು, ಎಣ್ಣೆ ಹಾಕಿ, ವಿಭೂತಿ ಹಚ್ಚಿ, ಚೆಂಡುಹೂ ಕಟ್ಟುತ್ತಾರೆ. ಭಾವ ತಮ್ಮ ಬಂದೂಕನ್ನು ಮುಧೋಳದಿಂದ ತಂದು ನಮ್ಮ ಮನೆಯ ಮಗ್ಗದ ಪಕ್ಕ ನಿಲ್ಲಿಸಿ ಅದಕ್ಕೂ ಹೂ ಏರಿಸುತ್ತಾರೆ. ಆವತ್ತು ಗಂಡಸರೆಲ್ಲ ಮಗ್ಗದ ಮನೆಯಲ್ಲಿದ್ದರು. ಒಳಗೆ ನೆಂಟರ ಹೆಂಗಸರು ಕೂತಿದ್ದರು, ತೇರದಾಳದಿಂದ ಬಂದ ಅತ್ತೆಯ ಅಕ್ಕನೂ ಇದ್ದರು. ನಾನು ಗಡಿಬಿಡಿಯಲ್ಲಿ ಆ ಹಿರಿಯರಿಗೆ ಎಡಗೈಯಿಂದ ಎಲೆಅಡಿಕೆ ಚಾಚಿಬಿಟ್ಟೆ. ಅವರು ಕೈ ಹಿಂದಕ್ಕೆ ಎಳೆದುಕೊಂಡು, "ಹಬ್ಬದ ದಿನಾನೂ ಎಡಗೈನೇನವಾ? ಇಷ್ಟ ವರ್ಷಾದ್ರೂ ತಿದ್ದಲಿಲ್ಲೇನ ಇಕಿನ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ತಲೆ ತಗ್ಗಿಸಿದರು. ಕೋಣೆ ತುಂಬ ಹೆಂಗಸರು ನನ್ನ ಕೈಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಫೋನು ಬಂತು. ಅಂಗಡಿಯವರು ಮೊದಲು ಅಳತೆ ಕೇಳಿದರು, ಹೇಳಿದೆ. ಆಮೇಲೆ ಯಾವ ಕೈ ಎಂದು ಕೇಳಿದರು.

"ಬಲಗೈರೀ," ಎಂದೆ. ಮತ್ತೊಮ್ಮೆ ಕೇಳಿದಾಗ ಕೋಣೆಗೆಲ್ಲ ಕೇಳುವಂತೆ ಜೋರಾಗಿಯೇ ಅಂದೆ. ಯಾರೂ ನನ್ನ ಬಾಯಿ ಹಿಡಿದಿರಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಮಾತಾಡಬಹುದಿತ್ತು. ಸಂಜೆ ತಿರುಗಿ ಫೋನು ಮಾಡಿ ಸರಿಪಡಿಸಬಹುದಿತ್ತು. ಭಾವನ ಹತ್ತಿರ ಕಾಗದವಿದೆಯಲ್ಲ, ಕೆಂಪು ಶಾಯಿಯಲ್ಲಿದೆಯಲ್ಲ, ಅದೇ ಗೆಲ್ಲುತ್ತದೆ ಎಂದು ಸುಮ್ಮನಾದೆ. ಪೆಟ್ಟಿಗೆ ತೆರೆದು ನೋಡಿದಾಗ ಆ ಫೋನಿನ ನೆನಪು ಮಿಂಚಿತ್ತು. ಅದು ಪೂರ್ತಿ ಮೇಲೆ ಬರುವ ಮೊದಲೇ ಭಾವನಿಗೆ ಬೈಯಲು ಶುರು ಮಾಡಿದ್ದೆ.

ಆವತ್ತು ಇದ್ದ ಎಡಗೈಯದು ಬೇರೆಯವರಿಗೆ ಹೋಯಿತು, ಈಗ ಹಿಡಿಯನ್ನಷ್ಟೇ ಬೇರೆ ತರಿಸಬಹುದು, ಆದರೆ ಪರದೇಶದಿಂದ ಬರಬೇಕು, ಮೂರು ತಿಂಗಳು ಹಿಡಿಯುತ್ತದೆ ಎಂದರು ಅಂಗಡಿಯವರು. ಆ ಸಲದ ಪಂದ್ಯ ಹೋದಂತೆಯೇ ಆಯಿತು. ಆಗಲಿ ಎಂದೆ.

"ಯಾವ ಕೈರೀ?" ಎಂದು ಅವರು ಪಾಪ, ಮತ್ತೆ ಕೇಳಿದರು.

"ಎಡಗೈ," ಎಂದೆ. ಆಗ ಕೋಣೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಮಹಾಲಿಂಗಪುರದ ಮೇಲೆ ಹೋಗುವ ಬಸ್ಸು ಹತ್ತಿ ಮುಧೋಳಕ್ಕೆ ಹೋದೆ. ಭಾವ ಅಂಗಳದಲ್ಲಿ ಕೂತು ಪಂಪಿನ ವಾಷರು ಬದಲಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಬೈಯಲು ಇಷ್ಟು ದೂರ ಬಂದಿದ್ದಾಳೆ ಎಂದುಕೊಂಡಿರಬೇಕು.

"ಭಾವಾರ, ತಪ್ಪ ನಂದ ಐತ್ರಿ. ನೀವು ಎಡಗೈ ಅಂತನ ಬರಸಿದ್ರಿ. ಫೋನಿನ್ಯಾಗ ನಾನ ಬಲಗೈ ಅಂದ್ನಿ."

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

"ಹಂಗಾದ್ರ ನಾ ಸರಿಯಾಗೇ ಹೇಳಿದ್ನೆ? ಹೇಳಿದ ನೆನಪ ಇತ್ತು ತಂಗಿ. ಆದ್ರ ನೀ ಅಷ್ಟ ಖಡಾಖಡಿ ಅಂದಿ. ನೀ ಶಾಣ್ಯಾಕಿ, ನೀ ಅಂದ ಮ್ಯಾಲ ನಾನ ತಪ್ಪಿರಬೇಕು ಅನಕೊಂಡ್ನಿ. ನಾಕ ದಿನಾ ತಲ್ಯಾಗ ಅದ ಕೊರೀತಿತ್ತು." ಮೆಲ್ಲಗೆ ಮತ್ತೆ ಕೂತು ಕೇಳಿದರು, "ಹೌದು, ನೀ ಯಾಕ ಬಲಗೈ ಅಂದಿ?"

ಬಸ್ಸಿನಲ್ಲಿ ಬರುತ್ತ ಹತ್ತು ಉತ್ತರ ಕಟ್ಟಿಕೊಂಡಿದ್ದೆ. ಅವೆಲ್ಲವುಗಳಲ್ಲೂ ತಪ್ಪು ತೇರದಾಳದ ಆ ಮುದುಕಿಯದು, ಅತ್ತೆಯದು, ಊರಿನದು. ಅಲ್ಲಿ ನಿಂತ ಮೇಲೆ ಒಂದೂ ಬಾಯಿಗೆ ಬರಲಿಲ್ಲ.

"ನಾಚಿಕಿ ಆತ್ರಿ," ಎಂದೆ.

ಭಾವ ವಾಷರನ್ನು ಎತ್ತಿಕೊಂಡು ಒರೆಸತೊಡಗಿದರು.

"ಮನ್ಯಾಗ ಎಲ್ಲಾರಿಗೂ ಹೇಳ್ತೇನ್ರಿ," ಎಂದೆ.

"ಏ, ಬ್ಯಾಡ ಬಿಡು. ಹೇಳಿದ್ರ ನಿನಗ ಮತ್ತ ಎಡಗೈ ಬಲಗೈ ಅಂತ ಕಾಡ್ತಾರ. ನಾನ ತಪ್ಪ ಮಾಡೀನಿ ಅಂತ ಇರ್ಲಿ. ನಮ್ಮ ಮಂದಿ ನನ್ನ ನೋಡಿ ನಗೂದು ಹೊಸಾದೇನಲ್ಲ. ನೀನೂ ನಗ್ತಿ, ನನಗ ಗೊತ್ತೈತಿ." ಯಾವ ಚುಚ್ಚೂ ಇಲ್ಲದೆ, ಕಬ್ಬಿನ ಧಾರಣೆ ಹೇಳುವ ಹಾಗೆ ಹೇಳಿದರು. ಆಮೇಲೆ ಚಹಾ ಮಾಡಲು ಒಳಗೆ ಕೂಗಿದರು.

ಮೂರು ತಿಂಗಳಿಗೆ ಹಿಡಿ ಬಂತು. ಈಗ ನಾನು ಎಡಗೈಯಲ್ಲೇ ಹೊಡೆಯುತ್ತೇನೆ. ಜಮಖಂಡಿಯ ಗೋದಾಮಿನಲ್ಲಿ ನನ್ನ ಕಾಗದಗಳನ್ನು ಮಾಸ್ತರರು ಹೊಸಬರಿಗೆ ತೋರಿಸುತ್ತಾರೆ. ಅದರ ಮುಂದಿನ ಪಂದ್ಯಕ್ಕೆ ಹೋಗಿ ಬಂದೆ, ಮರ್ಯಾದೆಗೆ ಕಡಿಮೆಯಾಗಲಿಲ್ಲ. ಮನೆಯಲ್ಲಿ ಮಾತ್ರ ನಾನು ಯಾರಿಗೂ ಏನೂ ಹೇಳಲಿಲ್ಲ. ಮೊದಲ ವಾರ, ಸಮಯ ನೋಡಿ ಹೇಳೋಣ ಎಂದುಕೊಂಡೆ. ಆಮೇಲೆ ಅವರೇ ಬೇಡ ಎಂದಿದ್ದಾರಲ್ಲ ಎಂದುಕೊಂಡೆ.

ಈಚೆಗೆ ಬೀಳಗಿಯಲ್ಲಿ ನೆಂಟರ ಮನೆಯ ಬಸುರಿ ಸೊಸೆಗೆ ಕುಬಸ ಇತ್ತು. ಊಟ ಮುಗಿದು ಎಲ್ಲರೂ ಚಾಪೆಯ ಮೇಲೆ ಕೂತಿದ್ದಾಗ ಯಾರೋ ಹೊಸ ಬೀಗರಿಗೆ ಭಾವನ ಪರಿಚಯ ಮಾಡಿಕೊಡುತ್ತ, "ಇವರ ನೋಡ್ರಿ, ಎಡಗೈ ಪಿಸ್ತೂಲ ತಾ ಅಂದ್ರ ಬಲಗೈದು ತಂದಾವ್ರು," ಎಂದರು. ಇನ್ನೊಬ್ಬರು, "ಹಂದಿ ಅಂದ್ರ ಪೈಪು, ಎಡ ಅಂದ್ರ ಬಲ," ಎಂದರು. ಅದು ಫೋನಿನಲ್ಲಿ ನಾನು ಅಂದ ಮಾತೇ, ಸ್ವಲ್ಪ ಸವೆದು ಊರೂರು ತಿರುಗುತ್ತಿದೆ. ಚಾಪೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಭಾವ ನನ್ನ ಕಡೆ ತಪ್ಪಿಯೂ ನೋಡಲಿಲ್ಲ. ತಲೆ ಕೆರೆದುಕೊಂಡು, ಅವರೂ ನಕ್ಕರು.

ನಾನೂ ನಕ್ಕೆ.